ಲಿಮಿಟ್ಟಿನ ಪಾಠಕ್ಕೆ ನಾನು ಹೂಂಗುಟ್ಟಿದ್ದು

ನನಗೆ ಬರುವ ವಿದ್ಯೆ ಎರಡೇ. ಒಂದು ಬೀಡಿ ಕಟ್ಟುವುದು, ಇನ್ನೊಂದು ಹೂಂಗುಟ್ಟುವುದು. ಮೊದಲನೆಯದನ್ನು ಅಮ್ಮ ಕಲಿಸಿದರು. ಎರಡನೆಯದನ್ನು ಯಾರೂ ಕಲಿಸಲಿಲ್ಲ, ಮೊದಲನೆಯದರ ಜೊತೆಗೇ ಬಂತು. ಗೆರಸೆಯನ್ನು ನಮ್ಮಲ್ಲಿ ತಡ್ಪೆ ಎನ್ನುತ್ತಾರೆ. ಅದನ್ನು ಮಡಿಲಲ್ಲಿಟ್ಟುಕೊಂಡು, ಎಲೆಗೆ ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿಯುವವಳಿಗೆ ಕೈಗೂ ಕಣ್ಣಿಗೂ ಬಿಡುವಿಲ್ಲ. ಕಿವಿ ಮಾತ್ರ ಖಾಲಿ. ಖಾಲಿ ಕಿವಿ ಕಂಡರೆ ಊರಿನವರು ಬಿಡುತ್ತಾರೆಯೇ? ಸೊಸೆಯ ಮೇಲಿನ ದೂರು, ಮಂಡಿನೋವಿನ ಎಣ್ಣೆ, ಮೊಮ್ಮಗನ ಜಾತಕ, ಎಲ್ಲವನ್ನೂ ನಮ್ಮ ಜಗಲಿಗೆ ತಂದು ಸುರಿದು ಹೋಗುತ್ತಾರೆ. ನೂಲು ಬಿಗಿಯುವಾಗ ಹೊರಡುವ ಉಸಿರೇ ಹೂಂ ಆಗುತ್ತದೆ. ಒಂದು ಬೀಡಿಗೆ ಒಂದು ಹೂಂ. ಹೇಳುವವರಿಗೆ ಸಮಾಧಾನ, ನನಗೆ ಖರ್ಚಿಲ್ಲ.

ಓದಿದ್ದು ಏಳನೆಯ ಕ್ಲಾಸಿನವರೆಗೆ. ತಂಗಿಯನ್ನು ಓದಿಸುವುದಕ್ಕಾಗಿ ಶಾಲೆ ಬಿಟ್ಟೆ ಎಂದು ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೇನೆ. ನಮ್ಮ ಸ್ವಸಹಾಯ ಸಂಘದ ವಾರ್ಷಿಕ ಸಭೆಯಲ್ಲಿ ಮೈಕಿನ ಮುಂದೆಯೂ ಹೇಳಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ. ನಾನು ಶಾಲೆ ಬಿಟ್ಟಾಗ ತಂಗಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಬಿಟ್ಟದ್ದು ಭಿನ್ನರಾಶಿಯ ಹೆದರಿಕೆಗೆ. ಇದು ಸಣ್ಣ ಸುಳ್ಳು. ಈಗ ಹೇಳಹೊರಟಿರುವುದು ಇದಕ್ಕಿಂತ ದೊಡ್ಡದು.

ತಂಗಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದಳು. ನಮ್ಮ ಮನೆಯಲ್ಲಿ ಭಿನ್ನರಾಶಿಯನ್ನು ದಾಟಿದ ಮೊದಲನೆಯವಳು ಅವಳೇ. ಎರಡು ವರ್ಷ ಅಲ್ಲಿ ಇಲ್ಲಿ ಟ್ಯೂಷನ್ ಹೇಳಿದ ಮೇಲೆ ಮೂಡುಬಿದಿರೆಯ ಒಂದು ಪಿಯು ಕಾಲೇಜಿನಿಂದ ಕರೆ ಬಂತು. ಕಾಯಂ ಹುದ್ದೆ, ಮನೆಯಿಂದ ಒಂದೇ ಬಸ್ಸು. ಮಕ್ಕಳನ್ನು ಕೂರಿಸಿ ಒಂದು ಪಾಠ ಮಾಡಿ ತೋರಿಸಬೇಕು, ಹಿಂದೆ ಕುಳಿತು ನೋಡುವವರಿಗೆ ಒಪ್ಪಿಗೆಯಾದರೆ ಕೆಲಸ. ಪಾಠವನ್ನೂ ಅವರೇ ಹೇಳಿದ್ದರು: ಕ್ಯಾಲ್ಕುಲಸ್ಸಿನ ಬಾಗಿಲು, ಲಿಮಿಟ್.

ಅವಳಿಗೆ ಕಲಿಸಿದ ಮೇಡಂ ಒಬ್ಬರು ಹಿಂದೆ ಹೇಳಿದ್ದರಂತೆ, ಏನೂ ಗೊತ್ತಿಲ್ಲದವರಿಗೆ ಅರ್ಥ ಮಾಡಿಸಿದರೆ ಮಾತ್ರ ನಿನಗೆ ಅರ್ಥ ಆದ ಹಾಗೆ ಎಂದು. ಏನೂ ಗೊತ್ತಿಲ್ಲದವರನ್ನು ಹುಡುಕಿಕೊಂಡು ಅವಳು ದೂರ ಹೋಗಬೇಕಾಗಲಿಲ್ಲ. ಹತ್ತು ದಿನ, ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ, ಜಗಲಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು ನನಗೆ ಪಾಠ ಮಾಡಿದಳು. ಮನೆಯಲ್ಲಿ ನಮ್ಮದು ತುಳು. ಪಾಠ ಮಾತ್ರ ಕನ್ನಡದಲ್ಲಿ, ಎದುರಿಗೆ ಐವತ್ತು ಮಕ್ಕಳು ಕೂತ ಹಾಗೆ.

ಮೊದಲ ದಿನದ ಪಾಠ ನನಗೆ ಈಗಲೂ ಬಾಯಿಪಾಠ. ಮೇಲೆ ಎಕ್ಸ್ ವರ್ಗದಲ್ಲಿ ನಾಲ್ಕು ಕಳೆದದ್ದು, ಕೆಳಗೆ ಎಕ್ಸಿನಲ್ಲಿ ಎರಡು ಕಳೆದದ್ದು. ಎಕ್ಸಿನ ಜಾಗದಲ್ಲಿ ಯಾವ ಸಂಖ್ಯೆ ಹಾಕಿದರೂ ಒಂದು ಉತ್ತರ ಬರುತ್ತದೆ, ಎರಡು ಹಾಕಿದರೆ ಮಾತ್ರ ಇಲ್ಲ. ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಸೊನ್ನೆಯಿಂದ ಭಾಗಿಸಬಾರದು. ಆದರೆ ಎರಡರ ಹತ್ತಿರ ಹೋಗುವುದಕ್ಕೆ ಅಡ್ಡಿಯಿಲ್ಲ. ಒಂದು ಪಾಯಿಂಟ್ ಒಂಬತ್ತು ಹಾಕಿದರೆ ಮೂರು ಪಾಯಿಂಟ್ ಒಂಬತ್ತು ಬರುತ್ತದೆ. ಇನ್ನೂ ಹತ್ತಿರ, ಒಂದು ಪಾಯಿಂಟ್ ಒಂಬತ್ತು ಒಂಬತ್ತು ಹಾಕಿದರೆ ಮೂರು ಪಾಯಿಂಟ್ ಒಂಬತ್ತು ಒಂಬತ್ತು. ಆಚೆ ಕಡೆಯಿಂದ ಎರಡು ಪಾಯಿಂಟ್ ಒಂದು ಹಾಕಿದರೆ ನಾಲ್ಕು ಪಾಯಿಂಟ್ ಒಂದು. ಎರಡೂ ಕಡೆಯಿಂದ ಉತ್ತರ ನಾಲ್ಕರ ಕಡೆಗೇ ಹೋಗುತ್ತದೆ. ಆ ನಾಲ್ಕೇ ಲಿಮಿಟ್. ಎಕ್ಸ್ ಎರಡರ ಹತ್ತಿರ ಹೋಗ್ತದೆ, ಆದರೆ ಎರಡು ಆಗುವುದಿಲ್ಲ, ಇದನ್ನು ನೆನಪಿಡಿ, ಎಂದು ಅವಳು ಕಂಬಕ್ಕೂ ಕೋಳಿಗೂ ನನಗೂ ಸೇರಿಸಿ ಹೇಳಿದಳು. ಹೂಂ ಎಂದೆ. ಆ ಹೂಂ ಪ್ರಾಮಾಣಿಕವಾದದ್ದು. ಅಲ್ಲಿಯವರೆಗೆ ನನಗೆ ನಿಜಕ್ಕೂ ಅರ್ಥವಾಗಿತ್ತು, ನನಗೇ ಆಶ್ಚರ್ಯ.

ಆಮೇಲೆ ಅವಳು ಸುಲಭದ ದಾರಿ ತೋರಿಸುತ್ತೇನೆ ಎಂದು, ಮೇಲಿನದನ್ನು ಎರಡಾಗಿ ಒಡೆದು, ಮೇಲೊಂದು ಕೆಳಗೊಂದು ಇದ್ದ ‘ಎಕ್ಸ್ ಮೈನಸ್ ಎರಡ’ನ್ನು ಎರಡು ಗೀಟು ಎಳೆದು ಹೊಡೆದು ಹಾಕಿದಳು. ಉಳಿದದ್ದು ಎಕ್ಸ್ ಪ್ಲಸ್ ಎರಡು. ಅದರಲ್ಲಿ ಎಕ್ಸಿನ ಜಾಗಕ್ಕೆ ಎರಡು ಹಾಕಿದಳು. ನಾಲ್ಕು. ಮುಗಿಯಿತು.

ನನ್ನ ಕೈ ನಿಂತಿತು. ಎಕ್ಸ್ ಎರಡು ಆಗುವುದಿಲ್ಲ ಎಂದು ಈಗಷ್ಟೇ ಹೇಳಿದವಳು ಇವಳೇ. ಆಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಕೆಳಗಿನದನ್ನು ಹೊಡೆದದ್ದು. ಹೊಡೆದ ಮರುಕ್ಷಣ ಅದೇ ಎರಡನ್ನು ಕರೆದು ಕೂರಿಸಿದ್ದಾಳೆ. ಒಬ್ಬರು ಊಟಕ್ಕೆ ಬರುವುದಿಲ್ಲ ಎಂದು ಹೇಳಿ ಅವರ ಎಲೆ ಎತ್ತಿಸಿ, ಆಮೇಲೆ ಅವರನ್ನೇ ಕೈಹಿಡಿದು ತಂದು ಪಂಕ್ತಿಯಲ್ಲಿ ಕೂರಿಸಿದ ಹಾಗೆ. ಬರುವುದಾದರೆ ಎಲೆ ಎತ್ತಿಸಿದ್ದು ತಪ್ಪು. ಬರುವುದಿಲ್ಲವಾದರೆ ಕೂರಿಸಿದ್ದು ತಪ್ಪು.

ಕೇಳಬೇಕಿತ್ತು. ಮಾತು ನಾಲಗೆಯವರೆಗೆ ಬಂದಿತ್ತು. ಆದರೆ ಎಂ.ಎಸ್ಸಿ. ಓದಿದವಳಿಗೆ ಏಳನೆಯ ಕ್ಲಾಸಿನವಳು ತಪ್ಪು ತೋರಿಸುವುದೇ? ತಪ್ಪು ನನ್ನದೇ ಇರಬೇಕು, ಕೇಳಿದರೆ ಅದೊಂದು ಬಯಲಾಗುತ್ತದೆ. ಇಷ್ಟು ಹೊತ್ತು ಅರ್ಥವಾದ ಮುಖ ಮಾಡಿ ಕೂತವಳು ನಾನು.

“ಗೊತ್ತಾಯ್ತಾ ಅಕ್ಕ?”

“ಹೂಂ.”

“ನಿಜವಾಗಿ?”

“ಗೊತ್ತಾಯ್ತು ಮಾರಾಯ್ತಿ, ನಾನೇನು ದಡ್ಡಿಯಾ?”

ಅವಳ ಮುಖ ಅರಳಿದ್ದು ನೋಡಬೇಕಿತ್ತು. ಒಳಗೆ ಓಡಿ ಅಮ್ಮನಿಗೆ ಹೇಳಿದಳು, ಅಕ್ಕನಿಗೆ ಲಿಮಿಟ್ ಅರ್ಥ ಆಯ್ತು ಎಂದು. ಅಮ್ಮ ಸಂಜೆ ಬೀಡಿ ಕೊಡಲು ಕಂಪನಿಯ ಬ್ರಾಂಚಿಗೆ ಹೋದಾಗ ಅಲ್ಲಿ ಹೇಳಿದರು. ಅಲ್ಲಿಂದ ನನ್ನ ಕೀರ್ತಿ ಶುರುವಾಯಿತು.

ಕೀರ್ತಿ ಎಷ್ಟು ಬೇಗ ರೂಢಿಯಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಮರುದಿನ ಬ್ರಾಂಚಿನ ಸಾಲಿನಲ್ಲಿ ನನಗೆ ಜಾಗ ಬಿಟ್ಟರು. ಒಬ್ಬಳು ಪಿಯು ಓದುವ ಮಗಳನ್ನು ನನ್ನ ಹತ್ತಿರ ಕಳಿಸಲೇ ಎಂದು ಕೇಳಿದಳು. ನನಗೆ ಬಿಡುವಿಲ್ಲ ಎಂದೆ. ಇನ್ನೊಬ್ಬಳು ಈ ಲಿಮಿಟ್ ಎಂದರೇನು ಅಕ್ಕ, ನಮಗೂ ಸ್ವಲ್ಪ ಹೇಳಿ ಎಂದಳು. ನಾನು ತಂಗಿಯ ಸ್ವರದಲ್ಲೇ, ಹತ್ತಿರ ಹತ್ತಿರ ಹೋಗುವುದು, ಆದರೆ ಮುಟ್ಟುವುದಲ್ಲ, ಎಂದೆ. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ನನ್ನ ಗಂಡ ಕೆಲಸಕ್ಕೆ ಹೋಗುವುದೂ ಲಿಮಿಟ್ಟೇ ಎಂದಳು. ಸಾಲಿಗೆ ಸಾಲೇ ನಕ್ಕಿತು. ಬೀಡಿಯನ್ನು ಹಿಸುಕಿ ನೋಡಿ ಬಿಸಾಡುವುದೇ ಕೆಲಸವಾದ ಚೆಕ್ಕರಣ್ಣ, ನನ್ನದೊಂದು ಕಟ್ಟನ್ನು ಬದಿಗೆ ಎಸೆಯುತ್ತಾ, “ಅಕ್ಕಾ, ನಿಮ್ಮ ಬೀಡಿ ಅಳತೆಯ ಹತ್ತಿರ ಹತ್ತಿರ ಹೋಗ್ತದೆ, ತಲುಪುವುದಿಲ್ಲ” ಎಂದರು. ಅದಕ್ಕೂ ನನಗೆ ಸಿಟ್ಟು ಬರಲಿಲ್ಲ. ಕಲಿತವರನ್ನು ಲೋಕ ಹಾಸ್ಯ ಮಾಡುವುದು ಇದ್ದದ್ದೇ.

ಆ ವಾರವೇ ಪಂಚಾಯತಿನಲ್ಲಿ ಸಂಕದ ಸಭೆ. ನಮ್ಮ ಊರು ಮೂಡುಬಿದಿರೆಯಿಂದ ಬಂಟ್ವಾಳಕ್ಕೆ ಹೋಗುವ ಒಳರಸ್ತೆಯ ಮೇಲಿದೆ. ನಡುವೆ ಒಂದು ತೋಡು, ಎಂದರೆ ಸಣ್ಣ ಹಳ್ಳ. ಅದರ ಮೇಲೆ ಸಂಕ, ಪುಸ್ತಕದ ಮಾತಿನಲ್ಲಿ ಸೇತುವೆ. ಹಳೆಯ ಸಂಕವನ್ನು ಒಡೆದು ಅಗಲದ್ದು ಕಟ್ಟುತ್ತೇವೆ ಎಂದು ಬಂದವರು ಒಡೆದದ್ದು ಮಾತ್ರ ಚುರುಕಾಗಿ ಒಡೆದರು. ಆಮೇಲೆ ಮೂಡುಬಿದಿರೆಯ ಬಸ್ಸು ಈಚೆ ಬದಿಯಲ್ಲಿ ನಿಂತು ತಿರುಗುತ್ತಿತ್ತು, ಬಂಟ್ವಾಳದ ಬಸ್ಸು ಆಚೆ ಬದಿಯಲ್ಲಿ. ನಡುವೆ ಎರಡು ಅಡಿಕೆ ಮರ ಹಾಸಿದ ಕಾಲುದಾರಿ. ಸಭೆಯಲ್ಲಿ ಎಂಜಿನಿಯರರು ಹೊಸ ಸಂಕದ ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಬೆರಳಾಡಿಸಿ, ಅರ್ಥ ಆಯ್ತಲ್ಲ ಎಂದರು. ಇಡೀ ಸಭೆ ಹೂಂ ಎಂದಿತು. ಎರಡು ಬದಿಯ ರಸ್ತೆಯ ಎತ್ತರ ಎಲ್ಲಿಂದ ಅಳೆಯುತ್ತೀರಿ ಎಂದು ಒಬ್ಬರೂ ಕೇಳಲಿಲ್ಲ. ಸಂಘದ ಪರವಾಗಿ ಮುಂದಿನ ಕುರ್ಚಿಯಲ್ಲಿದ್ದ ನಾನೂ ಕೇಳಲಿಲ್ಲ. ಕ್ಯಾಲ್ಕುಲಸ್ ಬಲ್ಲವಳು ಅಂಥದ್ದನ್ನೆಲ್ಲ ಕೇಳಿದರೆ ಮರ್ಯಾದೆ ಏನಾಗಬೇಕು?

ಮನೆಯಲ್ಲಿ ಪಾಠ ನಡೆದೇ ಇತ್ತು. ದಿನಾ ಅವಳು ಆ ಎರಡು ಗೀಟು ಎಳೆಯುತ್ತಿದ್ದಳು, ದಿನಾ ನನ್ನ ಕೈ ಅಲ್ಲಿಯೇ ಒಂದು ಕ್ಷಣ ನಿಲ್ಲುತ್ತಿತ್ತು, ದಿನಾ ನಾನು ಹೂಂ ಎನ್ನುತ್ತಿದ್ದೆ. ಮೊದಲ ದಿನ ಕೇಳದೇ ಇದ್ದದ್ದು ಹೆದರಿಕೆಗೆ. ಎರಡನೆಯ ದಿನದಿಂದ ಅಹಂಕಾರಕ್ಕೆ. ಊರಿಗೆಲ್ಲ ಅರ್ಥವಾಗಿದೆ ಎಂದು ಸುದ್ದಿಯಾದ ಮೇಲೆ ಈಗ ಡೌಟು ಎಂದರೆ? ಒಂಬತ್ತನೆಯ ದಿನ ಅವಳು ಒಂದು ಮಾತು ಹೇಳಿದಳು. ಅಕ್ಕ, ಎಲ್ಲಿ ಅರ್ಥ ಆಗುವುದಿಲ್ಲವೋ ಅಲ್ಲಿ ನೀನು ನಿಲ್ಲಿಸ್ತೀ ಎಂದು ನನಗೆ ಧೈರ್ಯ, ಎಂದಳು. ಅದಕ್ಕೂ ಹೂಂ ಎಂದೆ.

ಮೂಡುಬಿದಿರೆಯ ಪಾಠದ ದಿನ ಅವಳು ಮಧ್ಯಾಹ್ನಕ್ಕೇ ಮನೆಗೆ ಬಂದಳು. ಸೀರೆ ಬದಲಿಸದೆ ಜಗಲಿಯಲ್ಲಿ ಕೂತಳು. ಹಿಂದೆ ಮೂವರು ಕೂತಿದ್ದರಂತೆ. ಒಬ್ಬರು ಫೋನು ನೋಡುತ್ತಿದ್ದರು, ಒಬ್ಬರು ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದರು, ಒಬ್ಬರು ಮಾತ್ರ ಬೋರ್ಡು ನೋಡುತ್ತಿದ್ದರು. ಪಾಠ ಚೆನ್ನಾಗಿಯೇ ಹೋಗುತ್ತಿತ್ತು. ಹೊಡೆದು ಹಾಕುವ ಜಾಗಕ್ಕೆ ಬಂದಾಗ ಎರಡನೆಯ ಬೆಂಚಿನ ಒಂದು ಹುಡುಗಿ ಎದ್ದು ಏನೋ ಕೇಳಿದಳು. ಇವಳಿಗೆ ಉತ್ತರ ಗೊತ್ತಿತ್ತು, ಆದರೆ ಪುಸ್ತಕದ ಗ್ರೀಕ್ ಅಕ್ಷರಗಳಲ್ಲಿ ಗೊತ್ತಿತ್ತು, ಎಪ್ಸಿಲಾನ್ ಡೆಲ್ಟಾ ಎಂದು. ಹುಡುಗಿಗೆ ಹೇಳುವ ಮಾತಿನಲ್ಲಿ ಗೊತ್ತಿರಲಿಲ್ಲ. ಬೋರ್ಡಿನ ಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಬೋರ್ಡು ನೋಡುತ್ತಿದ್ದವರು ಕೊನೆಗೆ, ನೀವು ಲೆಕ್ಕ ಮಾಡುವುದನ್ನು ಕಲಿಸಿದಿರಿ, ಲಿಮಿಟ್ಟನ್ನು ಕಲಿಸಲಿಲ್ಲ, ಎಂದರಂತೆ. ಬೆಲ್ಲಾಗುವವರೆಗೆ ಕಾಯದೆ ಅವಳನ್ನು ಕಳುಹಿಸಿದರು.

ಹುಡುಗಿ ಕೇಳಿದ್ದೇನು ಎಂದು ನಾನು ಕೇಳಲಿಲ್ಲ. ಅದು ಏನಿರಬಹುದು ಎಂದು ನನ್ನ ಕೈಗೆ ಗೊತ್ತಿತ್ತು.

ಅವಳು ಅಮ್ಮನ ಹತ್ತಿರ ಹೇಳಿದಳು: “ನಾನು ಕಲಿಸಿದ್ದು ಸರಿಯಿಲ್ಲದಿದ್ದರೆ ಅಕ್ಕನಿಗೆ ಹೇಗೆ ಅರ್ಥ ಆಯ್ತು, ಹೇಳಿ. ಅಕ್ಕ ಓದಿದ್ದು ಏಳು.”

ಅಮ್ಮ ನನ್ನ ಮುಖ ನೋಡಿದರು. ಅಮ್ಮ ನನ್ನ ಜೊತೆ ಇಪ್ಪತ್ತೈದು ವರ್ಷ ಬೀಡಿ ಕಟ್ಟಿದವರು, ನನ್ನ ಯಾವ ಹೂಂ ಎಂಥದ್ದು ಎಂದು ಅವರಿಗೆ ತಿಳಿಯುತ್ತದೆ. ಆಮೇಲೆ ನೂಲಿನ ಉಂಡೆ ಹುಡುಕತೊಡಗಿದರು. ನಾನು ಧೈರ್ಯ ತಂದುಕೊಂಡು, ಆ ಹುಡುಗಿಗೆ ಕೊಬ್ಬು, ಎಂದೆ. ಹೌದು, ಅದನ್ನೂ ಹೇಳಿದೆ. ನಾನು ಹತ್ತು ದಿನ ನುಂಗಿದ್ದನ್ನು ಒಂದು ಗಳಿಗೆಯಲ್ಲಿ ಎದ್ದು ನಿಂತು ಕೇಳಿದ ಮಗುವನ್ನು ನಾನು ಕೊಬ್ಬಿನವಳು ಎಂದೆ.

ಬ್ರಾಂಚಿನಲ್ಲಿ ಕೇಳಿದವರಿಗೆ, ಈಗಿನ ಕಾಲದಲ್ಲಿ ವಶೀಲಿ ಇಲ್ಲದೆ ಎಲ್ಲಿ ಕೆಲಸ ಸಿಗುತ್ತದೆ, ಎಂದೆ. ಎಲ್ಲರೂ ಹೂಂ ಎಂದರು. ಆ ಕಾಲೇಜಿನವರ ಮೇಲೆ ಹೊರಿಸಿದ್ದು ಅಷ್ಟು ಸಲೀಸಾಗಿ ಒಪ್ಪಿಗೆಯಾದದ್ದು ನೋಡಿ ನನಗೇ ಹೆದರಿಕೆಯಾಯಿತು.

ಎರಡು ತಿಂಗಳು ಕಳೆದು ಬೆಳ್ತಂಗಡಿಯಿಂದ ಕರೆ ಬಂತು. ಅತಿಥಿ ಉಪನ್ಯಾಸಕಿ, ಒಂದು ವರ್ಷಕ್ಕೆ ಮಾತ್ರ, ಎರಡು ಬಸ್ಸು ಬದಲಿಸಿ ಹೋಗಬೇಕು. ಇಲ್ಲಿ ಪಾಠವನ್ನು ಅವರವರೇ ಆರಿಸಿಕೊಳ್ಳಬಹುದಿತ್ತು. ತಂಗಿ ಹಟ ಹಿಡಿದು ಮತ್ತೆ ಲಿಮಿಟ್ಟನ್ನೇ ಆರಿಸಿದಳು. ಈ ಸಲವೂ ಆಗದಿದ್ದರೆ ಕಲಿಸುವ ಕೆಲಸವೇ ಬೇಡ, ಬಂಟ್ವಾಳದ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯಲು ಕರೆದಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದಳು. ಅವಳು ಹೇಳಿದರೆ ಹೇಳಿದ್ದೇ.

ಆ ದಿನ ಬೆಳಿಗ್ಗೆ ಅವಳ ಚೀಲ ಹಿಡಿದುಕೊಂಡು ನಾನೂ ಬಸ್ಸಿನವರೆಗೆ ಹೊರಟೆ. ಬಂಟ್ವಾಳದ ಬಸ್ಸು, ಆದ್ದರಿಂದ ತೋಡು ದಾಟಬೇಕು. ಅಷ್ಟರಲ್ಲಿ ಗುತ್ತಿಗೆದಾರರು ಈಚೆ ಬದಿಯ ರಸ್ತೆಯನ್ನು ಮಣ್ಣು ತುಂಬಿಸಿ ಎತ್ತರಿಸಿದ್ದರು. ಆಚೆ ಬದಿಯದು ಹಳೆಯ ಎತ್ತರದಲ್ಲೇ ಇತ್ತು. ಇಲ್ಲಿ ನಿಂತರೆ ಆಚೆಯವರ ತಲೆಯ ಬೈತಲೆ ಕಾಣುತ್ತಿತ್ತು. ಎಂಜಿನಿಯರರು ಬಂದು ನೋಡಿ, ನಕ್ಷೆಯಲ್ಲಿ ಸರಿಯಿದೆ ಎಂದು ಹೇಳಿ ಹೋಗಿದ್ದರು. ಸೀರೆಯ ನೆರಿಗೆ ಎತ್ತಿ ಹಿಡಿದು, ಮಣ್ಣಿನ ಗುಡ್ಡೆ ಇಳಿದು, ಅಡಿಕೆ ಮರದ ಮೇಲೆ ದಾಟಿ, ಇಬ್ಬರೂ ಆಚೆ ಬದಿಯ ಕಲ್ಲಿನ ಮೇಲೆ ಕೂತೆವು. ಬಸ್ಸಿಗೆ ಇನ್ನೂ ಹೊತ್ತಿತ್ತು. ಕೊನೆಗೊಮ್ಮೆ ಕೇಳು ಅಕ್ಕ ಎಂದು ಅವಳು ಶುರು ಮಾಡಿದಳು. ನೆಲದ ಮೇಲೆ ಕಡ್ಡಿಯಿಂದ ಬರೆದಳು. ಒಡೆದಳು. ಎರಡು ಗೀಟು ಎಳೆದಳು.

ಆ ಹೊತ್ತಿನಲ್ಲಿ ನನ್ನ ಕೈಯಲ್ಲಿ ಬೀಡಿ ಇರಲಿಲ್ಲ. ಬಿಗಿಯಲು ನೂಲಿಲ್ಲ, ಹಾಗಾಗಿ ಹೂಂ ತಾನಾಗಿ ಬರಲಿಲ್ಲ. ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಹೇಳಿಕೊಳ್ಳಲಾರೆ.

“ನನಗೊಂದು ಡೌಟುಂಟು,” ಎಂದೆ.

ಅವಳು ಕಡ್ಡಿ ಹಿಡಿದುಕೊಂಡೇ ನನ್ನನ್ನು ನೋಡಿದಳು. ಎಲೆ ಎತ್ತಿಸಿ ಮತ್ತೆ ಕೂರಿಸಿದ ಕಥೆಯನ್ನು ಹೇಗೆ ಬಂತೋ ಹಾಗೆ ಹೇಳಿದೆ. ಎಕ್ಸ್ ಎರಡಾಗುವುದಿಲ್ಲ ಎಂದು ನೀನು ಹೊಡೆದೆ, ಹೊಡೆದು ಎರಡೇ ಹಾಕಿದೆ, ಇದು ಯಾವ ನ್ಯಾಯ?

ಮೊದಲು ಅವಳಿಗೆ ಸಿಟ್ಟು ಬಂತು. “ಬಸ್ಸು ಬರುವ ಹೊತ್ತಿಗಾ ಅಕ್ಕ ನಿನ್ನದು?” ಆಮೇಲೆ ಸಣ್ಣ ಸ್ವರದಲ್ಲಿ, “ಆವತ್ತು ಆ ಹುಡುಗಿ ಕೇಳಿದ್ದೂ ಇದನ್ನೇ,” ಎಂದಳು.

ನಾನು ತೋಡಿನ ನೀರು ನೋಡಿದೆ.

“ನಿನಗಿದು ಯಾವಾಗ ಹೊಳೆದದ್ದು?”

“ಈಗ,” ಎಂದೆ. “ಈಗಷ್ಟೇ.”

ಅಷ್ಟರಲ್ಲಿ ಬಂಟ್ವಾಳದ ಬಸ್ಸು ತಿರುವಿನಲ್ಲಿ ಕಾಣಿಸಿತು. ಕಂಡಕ್ಟರ್ ಬಾಗಿಲಿನಲ್ಲಿ ಜೋತಾಡುತ್ತಾ, “ಸಂಕ, ಸಂಕ, ಸಂಕದಲ್ಲಿ ಇಳಿಯುವವರು ಬನ್ನಿ,” ಎಂದು ಎಂದಿನ ಹಾಗೆ ಕೂಗಿದ. ಸಂಕ ಇಲ್ಲವಾಗಿ ಐದು ತಿಂಗಳಾಗಿತ್ತು. ಟಿಕೆಟು ಮಾತ್ರ ಸಂಕಕ್ಕೇ ಕೊಡುತ್ತಿದ್ದರು, ಜನ ಸಂಕಕ್ಕೇ ಕೇಳುತ್ತಿದ್ದರು. ಯಾರೂ ಸಂಕ ಎಲ್ಲುಂಟು ಎಂದು ಜಗಳ ಮಾಡಿದ್ದಿಲ್ಲ.

ತಂಗಿ ಎದ್ದು ನಿಂತಳು. ಬಸ್ಸನ್ನು ನೋಡಿದಳು, ಸಂಕವಿಲ್ಲದ ಖಾಲಿ ಜಾಗವನ್ನು ನೋಡಿದಳು, ನಗತೊಡಗಿದಳು. “ಅಕ್ಕ, ಸಂಕ ಒಡೆಯುವ ಮುಂಚಿನ ರಸ್ತೆಯೂ ಒಡೆದ ಮೇಲಿನ ರಸ್ತೆಯೂ ಎಲ್ಲಿ ಬೇರೆ?”

“ಸಂಕದಲ್ಲಿ.”

“ಬೇರೆ ಎಲ್ಲಿಯೂ ಅಲ್ಲವಲ್ಲ. ಹಾಗಾದರೆ ಒಡೆದ ರಸ್ತೆ ಎಲ್ಲಿಗೆ ಹೋಗ್ತದೆ ಎಂದು ತಿಳಿಯಲಿಕ್ಕೆ ಒಡೆಯುವ ಮುಂಚಿನ ರಸ್ತೆಯನ್ನು ಕೇಳಿದರೆ ಸಾಕು. ಇಲ್ಲದ ಸಂಕದ ಮೇಲೆ ನಾನು ಕಾಲಿಡುವುದಿಲ್ಲ. ಇದ್ದದ್ದರ ಮೇಲೆ ಇಡ್ತೇನೆ.”

ಹೊಡೆದು ಹಾಕಿದ ಮೇಲೆ ಉಳಿಯುವ ಎಕ್ಸ್ ಪ್ಲಸ್ ಎರಡು ಬೇರೆಯದೇ ರಸ್ತೆ, ಸಂಕ ಗಟ್ಟಿಯಿರುವ ರಸ್ತೆ. ಎರಡನ್ನು ಹಾಕುವುದು ಅದರಲ್ಲಿ. ಸಂಕ ಒಡೆದ ರಸ್ತೆಯಲ್ಲಿ ಅಲ್ಲ. ಆ ಒಂದು ಜಾಗ ಬಿಟ್ಟರೆ ಎರಡು ರಸ್ತೆಯೂ ಒಂದೇ ಆದದ್ದರಿಂದ ಎರಡೂ ಹೋಗುವುದು ಒಂದೇ ಕಡೆಗೆ. ಎಲೆ ಎತ್ತಿಸಿದ ಪಂಕ್ತಿಯಲ್ಲಿ ಯಾರನ್ನೂ ಕೂರಿಸಿಲ್ಲ. ಪಕ್ಕದ ಪಂಕ್ತಿಯಲ್ಲಿ ಕೂರಿಸಿದ್ದು. ನನಗೆ ಅರ್ಥವಾಯಿತು. ಆ ಬಸ್ಸು ಬಂದು ನಿಲ್ಲುವ ಮೊದಲು ನನಗೆ ನಿಜವಾಗಿ ಅರ್ಥವಾಯಿತು, ಹೂಂ ಎನ್ನುವುದೇ ಮರೆತುಹೋಯಿತು.

ಬಸ್ಸು ಹತ್ತುತ್ತಾ ಅವಳು ಈಚೆ ಬದಿಯ ಎತ್ತರದ ಮಣ್ಣನ್ನು ತೋರಿಸಿ, “ಈಗ ನೋಡು, ನಮ್ಮ ಮನೆಯ ಕಡೆಯಿಂದ ಬಂದವರು ಮೇಲೆ, ಬಂಟ್ವಾಳದ ಕಡೆಯಿಂದ ಬಂದವರು ಕೆಳಗೆ. ಎರಡು ಕಡೆಯೂ ಒಪ್ಪುವುದಿಲ್ಲ. ಇಂಥಲ್ಲಿ ಲಿಮಿಟ್ ಇಲ್ಲ ಎಂದು ಹೇಳಬೇಕು,” ಎಂದಳು. ಎಂಜಿನಿಯರರಿಗೆ ಯಾರೂ ಹೇಳದ ಮಾತನ್ನು ಕಂಡಕ್ಟರ್ ಕೇಳಿಸಿಕೊಂಡು, ಬೇಗ ಒಳಗೆ ಬನ್ನಿ ಟೀಚರೇ ಎಂದ.

ಬೆಳ್ತಂಗಡಿಯಲ್ಲಿ ಅವಳು ನಮ್ಮ ಸಂಕವನ್ನೇ ಬೋರ್ಡಿನ ಮೇಲೆ ಬರೆದಳಂತೆ. ಮಕ್ಕಳು ಕೇಳುವ ಮುಂಚೆ ತಾನೇ ಆ ಡೌಟನ್ನು ಕೇಳಿ, ಇಡೀ ಕ್ಲಾಸನ್ನು ಕಂಗೆಡಿಸಿ, ಆಮೇಲೆ ಬಿಡಿಸಿದಳು. ಒಂದು ವಾರದಲ್ಲಿ ಕಾಗದ ಬಂತು.

ಈಗ ಬ್ರಾಂಚಿನಲ್ಲಿ ನನ್ನ ಕೀರ್ತಿ ಎರಡು ಪಟ್ಟು. ಮೊದಲು ಲಿಮಿಟ್ ಅರ್ಥವಾದವಳು, ಈಗ ಎಂ.ಎಸ್ಸಿ.ಯವಳಿಗೇ ಡೌಟು ಕೇಳಿ ಕೆಲಸ ಕೊಡಿಸಿದವಳು. ತಂಗಿಯೇ ಇದನ್ನು ಸಾರುತ್ತಾಳೆ. ಸರಿಯಾದ ಹೊತ್ತಿಗೆ ಹೊಳೆಯಿತಲ್ಲ ಅಕ್ಕ, ನನ್ನ ಅದೃಷ್ಟ, ಎನ್ನುತ್ತಾಳೆ. ಮೂಡುಬಿದಿರೆಯ ಆ ಕಾಯಂ ಹುದ್ದೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ತಂಗಿ ಬೆಳಿಗ್ಗೆ ಬೇಗ ಎದ್ದು, ಮಣ್ಣಿನ ಗುಡ್ಡೆ ಇಳಿದು, ಅಡಿಕೆ ಮರ ದಾಟಿ, ಎರಡು ಬಸ್ಸು ಬದಲಿಸಿ ಹೋಗುತ್ತಾಳೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಸಂಜೆ ಕೆಸರಾದ ಚಪ್ಪಲಿಯನ್ನು ಮೆಟ್ಟಿಲ ಬದಿಯಲ್ಲಿ ತೊಳೆಯುವಾಗ, ಸಂಕ ಆದರೆ ಸಾಕಿತ್ತು ಎನ್ನುತ್ತಾಳೆ. ಅವಳು ಬೈಯುವುದು ಗುತ್ತಿಗೆದಾರರನ್ನು. ಜಗಲಿಯಲ್ಲಿ ಕೂತ ನನಗೆ ತಾಗುತ್ತದೆ.

ಹೇಳಬೇಕೆಂದು ಎಷ್ಟೋ ಸಲ ಹೊರಟಿದ್ದೇನೆ. ಮೊದಲ ದಿನವೇ ಹೊಳೆದಿತ್ತು, ಹತ್ತು ದಿನವೂ ಹೊಳೆದಿತ್ತು ಎಂದು. ಚಹಾ ಕೊಡುವಾಗ ಹೊರಟಿದ್ದೇನೆ, ಅವಳ ತಲೆಗೆ ಎಣ್ಣೆ ಹಚ್ಚುವಾಗ ಹೊರಟಿದ್ದೇನೆ. ಬಾಯಿಯವರೆಗೆ ಬಂದು, ಇವತ್ತು ದಣಿದಿದ್ದಾಳೆ, ನಾಳೆ ಹೇಳುವ, ಎಂದುಕೊಳ್ಳುತ್ತೇನೆ. ಬಾಯಿಗೆ ಆಗದ್ದು ಕೈಗಾದರೂ ಆಗಲಿ ಎಂದು ಇದನ್ನು ಬರೆದಿಟ್ಟಿದ್ದೇನೆ.

ಕಳೆದ ಭಾನುವಾರ ಅವಳು ಮತ್ತೆ ಸೀಮೆಸುಣ್ಣ ಹಿಡಿದು ಜಗಲಿಯಲ್ಲಿ ನನ್ನ ಎದುರಿಗೆ ಕೂತಳು. ಮುಂದಿನ ಪಾಠ, ಇದಕ್ಕಿಂತ ಕಷ್ಟದ್ದು. ನಾನು ತಡ್ಪೆಯನ್ನು ಮಡಿಲಿಗೆ ಎಳೆದುಕೊಂಡೆ. ಶುರು ಮಾಡುವ ಮುಂಚೆ ಅವಳು ನನ್ನ ಮೊಣಕಾಲು ಮುಟ್ಟಿ ಹೇಳಿದಳು:

“ಅಕ್ಕ, ಡೌಟು ಬಂದರೆ ಬಂದಾಗಲೇ ಕೇಳು. ಆವತ್ತು ಬಸ್ಸಿನ ಹತ್ತಿರ ಕೇಳಿದೆಯಲ್ಲ, ಹಾಗೆ.”

ನಾನು ಬಾಯಿ ತೆರೆದೆ. ಅಮ್ಮ ಒಳಗಿನಿಂದ ತಲೆಯೆತ್ತಿ ನೋಡಿದರು. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿಯಾಗಿತ್ತು, ಬಿಗಿಯುವುದು ಮಾತ್ರ ಬಾಕಿ. ಬಿಗಿದೆ.

“ಹೂಂ,” ಎಂದೆ.